ಸಾಲಿನಲ್ಲಿ ಬಿಟ್ಟುಹೋದ ಮರ

ತಿಪಟೂರಿನಿಂದ ನೊಣವಿನಕೆರೆ ಕಡೆಗೆ ಹೋಗುವ ಬಸ್ಸಿನ ಟಾಪಿನ ಮೇಲೆ ಕೋಳಿಪುಟ್ಟಿ, ಹುರುಳಿ ಮೂಟೆ, ಸೈಕಲ್ಲು ಎಲ್ಲ ಹತ್ತಿ ಕೂತಿದ್ದವು. ತನ್ನ ಗಂಟನ್ನು ಮಾತ್ರ ಅಲ್ಲಿಗೆ ಏರಿಸಲು ಕಾಡಸಿದ್ದಪ್ಪ ಸುತಾರಾಂ ಒಪ್ಪಲಿಲ್ಲ. ಹಳೆಯ ಪಂಚೆಯಲ್ಲಿ ಸುತ್ತಿ ಸೆಣಬಿನ ಹುರಿಯಲ್ಲಿ ಬಿಗಿದಿದ್ದ, ಕಿಟಕಿಯ ಅಗಲದ ಆ ಗಂಟನ್ನು ಎರಡೂ ತೋಳಲ್ಲಿ ತಬ್ಬಿಕೊಂಡು ಬಾಗಿಲಲ್ಲೇ ನಿಂತುಬಿಟ್ಟ. ಕಂಡಕ್ಟರು ಗದರಿ ನೋಡಿದ, ಬೇಡಿಕೊಂಡು ನೋಡಿದ, ಕೊನೆಗೆ ಸೋತ. "ಏನಪ್ಪಾ ಅದ್ರಾಗೆ, ಮದುವೆ ಹೆಣ್ಣಾ?" ಎಂದು ಕೇಳಿ, ಬಸ್ಸಿನವರೆಲ್ಲ ನಕ್ಕ ಮೇಲೆ ಹಿಂದಿನ ಸೀಟಿನ ಪಕ್ಕ ಒರಗಿಸಲು ಜಾಗ ಬಿಡಿಸಿಕೊಟ್ಟ.

ಗಂಟಿನಲ್ಲಿದ್ದದ್ದು ಐದು ಚಿತ್ರ. ಆಗ ಎಪ್ಪತ್ತೊಂಬತ್ತನೆಯ ಇಸವಿ. ಮೈಸೂರಿನ ಚಿತ್ರಕಲಾ ಶಾಲೆಯೊಂದರಲ್ಲಿ ಅವನದು ಕೊನೆಯ ವರ್ಷ. ಯುಗಾದಿ ಕಳೆದ ಮೇಲೆ ಶಾಲೆಯ ಪ್ರದರ್ಶನ. ಕೊನೆಯ ವರ್ಷದವರು ತಂತಮ್ಮ ಮನೆ, ತಂತಮ್ಮ ಊರಿನ ಗಿಡ ಮರ ನೀರು ಇವನ್ನೇ ನೋಡಿಕೊಂಡು ಐದು ಚಿತ್ರ ಬರೆಯಬೇಕು, ಬರೆದ ಚಿತ್ರಗಳ ಮುಂದೆ ನಿಂತು ನಾಲ್ಕು ಮಾತಾಡಬೇಕು ಎಂದು ಕಟ್ಟಳೆ. ಚಿತ್ರಗಳೇನೋ ಮುಗಿದಿದ್ದವು. ಆಡಬೇಕಾದ ಮಾತೇ ಅವನಿಗೆ ತಲೆನೋವಾಗಿತ್ತು. ಕುಂಚ ಹಿಡಿದರೆ ಅನ್ನ ನೀರು ಮರೆಯುವ ಹುಡುಗ, ನಾಲ್ಕು ಜನರ ಮುಂದೆ ನಿಂತರೆ ತನ್ನ ಹೆಸರು ಹೇಳಲೂ ತಡವರಿಸುತ್ತಿದ್ದ.

ಅವನ ಮೇಷ್ಟ್ರು ಗಂಗಾಧರಯ್ಯನವರು ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ. ಅಂಥವರು ಅವನ ತೋಟದ ಚಿತ್ರದ ಮುಂದೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ್ದರು. ಶಾಲೆಯಿಂದ ವರ್ಷಕ್ಕೆ ಒಂದೇ ಒಂದು ಚಿತ್ರ ಬೆಂಗಳೂರಿನ ದೊಡ್ಡ ಪ್ರದರ್ಶನಕ್ಕೆ ಹೋಗುತ್ತದೆ. ಈ ಸಲ ಇದೇ ಎಂದು ಅಲ್ಲೇ ಹೇಳಿಬಿಟ್ಟಿದ್ದರು. ಹಾಗೆ ಹಿಂದೆ ಹೋದ ಹುಡುಗರು ಈಗ ಬರೋಡಾದಲ್ಲಿ ಮುಂದಿನ ಓದು ಓದುತ್ತಿದ್ದರು. ಕಾಡಸಿದ್ದಪ್ಪನಿಗೂ ಬರೋಡಾದ ಆಸೆ ಇತ್ತು. ಊಟಕ್ಕೆ ಕೂತಾಗಲೂ, ಬಚ್ಚಲಲ್ಲಿ ನಿಂತಾಗಲೂ ಇತ್ತು. ಚಿತ್ರಗಳನ್ನು ಒಂದು ಸಲ ಅವ್ವನಿಗೆ ತೋರಿಸಿಕೊಂಡು ಬರುತ್ತೇನೆ ಎಂದು ಕೇಳಿದಾಗ, "ತಗೊಂಡು ಹೋಗು. ಒಂದು ಗೀರು ಬಿದ್ದರೂ ನಿನ್ನ ಕಿವಿ ನನ್ನ ಕೈಲಿರುತ್ತೆ" ಎಂದು ಮೇಷ್ಟ್ರು ಕಳಿಸಿಕೊಟ್ಟಿದ್ದರು.

ಬಸ್ಸು ತೆಂಗಿನ ಸಾಲುಗಳ ನಡುವೆ ಕುಲುಕಾಡುತ್ತಿದ್ದಾಗ ಅವನು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡ. ತೋಟದ ಚಿತ್ರದ ಜೀವ ಇರುವುದು ಅದರ ಖಾಲಿ ಜಾಗದಲ್ಲಿ, ಎಂದು ಶುರುಮಾಡಬೇಕು. ಮೇಷ್ಟ್ರೇ ಆಡಿದ್ದ ಮಾತು ಅದು. ಮರಗಳ ಸಾಲಿನ ನಡುವೆ ಒಂದು ಕಡೆ ಬೆಳಕು ಬಿಟ್ಟುಕೊಂಡಿದೆ. ಆ ಬೆಳಕಿನಾಚೆ ಮನೆಯ ಬಾಗಿಲು ಕಾಣುತ್ತದೆ. ಚಿತ್ರ ಉಸಿರಾಡುವುದು ಅಲ್ಲಿಂದ. ಕೇಳಲು ಚೆನ್ನಾಗಿತ್ತು. ತನ್ನ ಬಾಯಲ್ಲಿ ಅಷ್ಟು ದೊಡ್ಡ ಮಾತು ಹೇಗೆ ಕಾಣುತ್ತದೋ ಎಂದು ಒಳಗೊಳಗೇ ನಾಚಿಕೆಯೂ ಆಯಿತು.

ಮರುದಿನ ಬೆಳಿಗ್ಗೆ ಮನೆಯ ಪಡಸಾಲೆಯಲ್ಲಿ ಕಣ್ಣಿ ಹಗ್ಗ ಮತ್ತು ಅಪ್ಪನ ಕೊಡೆ ತೂಗುತ್ತಿದ್ದ ಗೂಟಗಳೆಲ್ಲ ಖಾಲಿಯಾಗಿ ಅಲ್ಲಿ ಚಿತ್ರಗಳು ಏರಿದವು. ಮರುಳಪ್ಪನ ಮಗ ಮೈಸೂರಿನಿಂದ ಏನೋ ತಂದವ್ನಂತೆ ಎಂಬ ಸುದ್ದಿ ಕೇರಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೆಣ್ಣು ನೋಡಲು ಬಂದವರ ಹಾಗೆ ಜನ ಗೋಡೆಗುಂಟ ಕೂತರು. ಮಂಡಕ್ಕಿ ಒಂದಿರಲಿಲ್ಲ, ಉಳಿದ ಎಲ್ಲ ಗತ್ತೂ ಇತ್ತು.

ಪಕ್ಕದ ತೋಟದ ಹುಚ್ಚಣ್ಣ ಎಲ್ಲರಿಗಿಂತ ಮುಂದೆ. ಕೆರೆಯಲ್ಲಿ ಎಮ್ಮೆ ಮಲಗಿರುವ ಚಿತ್ರದ ಮುಂದೆ ಅವನು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿ ಹೇಳಿದ.

"ಇದು ನಮ್ಮೆಮ್ಮೆ ಕಣ್ಲಾ."

"ಯಾವ್ದೋ ಒಂದು ಎಮ್ಮೆ ಬುಡಣ್ಣ. ಸುಮ್ನೆ ಬರ್ದಿದ್ದು."

"ಯಾವ್ದೋ ಅಂದ್ರೆ ಹೆಂಗ್ಲಾ? ಎಮ್ಮೆ ಅಂದ್ಮೇಲೆ ಯಾರ್ದಾರ ಆಗಿರ್ಬೇಕು. ಬಲಗೊಂಬು ನೋಡು, ಒಳಕ್ಕೆ ತಿರುಗೈತೆ. ನಮ್ದೇ."

ಎಲ್ಲರೂ ಎದ್ದು ಕೊಂಬು ನೋಡಿದರು. ಹೌದು, ಹುಚ್ಚಣ್ಣನದೇ ಎಂದು ತೀರ್ಮಾನವಾಯಿತು. ಹುಚ್ಚಣ್ಣ ಎಮ್ಮೆ ಹೊಡೆದುಕೊಂಡು ಹೋಗುವವನ ಗತ್ತಿನಲ್ಲೇ ಎದ್ದು ಹೋದ. ಮರುಳಪ್ಪ ಕೈ ಹಿಂದೆ ಕಟ್ಟಿಕೊಂಡು, ಪೇಟೆಯ ಮಂಡಿಯಲ್ಲಿ ಕೊಬ್ಬರಿ ನೋಡುವವರ ಹಾಗೆ ಒಂದೊಂದನ್ನೂ ದೂರದಿಂದ ನೋಡಿ ತೋಟಕ್ಕೆ ಹೊರಟ. ಹೋಗುವ ಮುಂಚೆ ತೋಟದ ಚಿತ್ರದ ಹತ್ತಿರ ಅವನ ಕಾಲು ಕೊಂಚ ನಿಧಾನವಾಯಿತು. ಕಾಡಸಿದ್ದಪ್ಪ ಅದನ್ನು ಮೆಚ್ಚುಗೆ ಎಂದುಕೊಂಡ.

ಅವನು ಕಾದಿದ್ದದ್ದು ಅವ್ವನಿಗೆ. ಸರ್ವಮಂಗಳಮ್ಮ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒಣಗುತ್ತಿರುವಾಗಲೇ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ಅಷ್ಟು ಹೊತ್ತಿಗೆ ಜನ ಕರಗಿದ್ದರು. ಒಲೆಯ ಚಿತ್ರ ನೋಡಿ, "ನನ್ನ ಅಡಿಗೆಮನೇಲಿ ಇಷ್ಟು ಮಸಿ ಐತಾ?" ಎಂದು ಮುನಿಸು ತೋರಿಸಿದಳು. ರಾಗಿ ಹೊಲದ ಚಿತ್ರ ನೋಡಿ ಸುಮ್ಮನೆ ತಲೆದೂಗಿದಳು. ಅಟ್ಟದ ಚಿತ್ರದ ಮುಂದೆ ಬಂದಾಗ ಮಾತ್ರ ಅವಳ ಮುಖ ಅರಳಿತು.

ಅಟ್ಟ ಅಂದರೆ ಆ ಕಡೆಯವರಿಗೆ ಮನೆಯ ತಿಜೋರಿ. ತೋಟದ ಕಾಯಿಯನ್ನು ಸುಲಿಯದೆ ಹಾಗೆಯೇ ಅಟ್ಟಕ್ಕೆ ಏರಿಸಿ, ಕೆಳಗಿನ ಒಲೆಯ ಹೊಗೆ ಬಿಸಿ ತಾಗುವ ಹಾಗೆ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ಕಾಡಸಿದ್ದಪ್ಪ ಬರೆದದ್ದು ಆ ಅಟ್ಟವನ್ನೇ: ಕತ್ತಲಲ್ಲಿ ಕಾಯಿಯ ರಾಶಿ, ಗಾಜಿನ ಹೆಂಚಿನಿಂದ ಇಳಿದ ಬಿಸಿಲು ಮೂಲೆಯ ಒಂದು ಸಣ್ಣ ಗುಪ್ಪೆಯ ಮೇಲೆ ಮಾತ್ರ ಬಿದ್ದಿದೆ.

"ಮೂಲೇಲಿರೋವನ್ನೂ ಬುಡದಂಗೆ ಹಾಕಿದ್ದೀಯಲ್ಲಪ್ಪ" ಎಂದಳು ಅವ್ವ. ಆ ಮಾತಿನಲ್ಲಿ ಅವನಿಗೆ ಗೊತ್ತಾಗದ ಒಂದು ಸಂತೋಷ ಇತ್ತು. ಬಿಸಿಲು ಅಲ್ಲಿ ಬಿದ್ದಿತ್ತು, ಅದಕ್ಕೇ ಬರೆದೆ ಎಂದು ಹೇಳಲು ಹೊರಟವನು, ಅವಳ ಮುಖ ನೋಡಿ ಸುಮ್ಮನಾದ.

ಅದೇ ಸಂತೋಷದಲ್ಲಿ ಅವಳು ತೋಟದ ಚಿತ್ರದ ಹತ್ತಿರ ಬಂದಳು. ಮನೆಯ ಮುಂದಿನ ಕಾಲುವೆ, ಕಾಲುವೆಗುಂಟ ಹೆಸರಿನ ಮರಗಳ ಸಾಲು. ಆ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಹೆಸರಿಡುವ ದಿನ ಆ ಸಾಲಿನಲ್ಲಿ ಒಂದು ತೆಂಗಿನ ಸಸಿ ನೆಡುವುದು ತಾತ ಮುತ್ತಾತಂದಿರಿಂದ ಬಂದ ರೂಢಿ. ಹಾಗಾಗಿ ತೋಟದ ಮಿಕ್ಕ ಮರಗಳಿಗೆ ಹೆಸರಿಲ್ಲದಿದ್ದರೂ ಈ ಸಾಲಿನವಕ್ಕೆ ಇತ್ತು. ಅವ್ವ ಎಡಗಡೆಯಿಂದ ಬೆರಳು ಹಿಡಿದು, ಬಣ್ಣಕ್ಕೆ ತಾಗಿಸದೆ, ಬಂಧುಗಳನ್ನು ಪರಿಚಯ ಮಾಡಿಕೊಡುವವಳಂತೆ ಹೊರಟಳು.

"ಇದು ನಿಮ್ಮ ತಾತಂದು. ಇದು ದೊಡ್ಡಪ್ಪಂದು. ಇದು ನಿಮ್ಮಪ್ಪಂದು, ನೋಡು, ಅದೇ ನಿಲುವು. ಇದು ನಿಮ್ಮತ್ತೇದು. ಇದು..."

ಬೆರಳು ಬೆಳಕಿನ ಆ ಖಾಲಿ ಜಾಗದ ಮೇಲೆ ನಿಂತಿತು. ಅದರಾಚೆಗೆ ಸಾಲಿನ ಕೊನೆಯ ಮರ, ಕಾಡಸಿದ್ದಪ್ಪನದು, ಇತ್ತು. ಅವಳು ಅದರ ಹೆಸರು ಹೇಳಲಿಲ್ಲ. ಬೆರಳನ್ನು ಮೆಲ್ಲಗೆ ಮಡಿಸಿ ಕೈ ಇಳಿಸಿದಳು.

"ಚೆನ್ನಾಗೈತೆ ಕಣಪ್ಪ. ಹಾಲು ಒಲೆ ಮೇಲೆ ಬುಟ್ಟು ಬಂದೀನಿ" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ನೀರು ಕುಡಿಯಲು ಅಡಿಗೆಮನೆಗೆ ಹೋದವನಿಗೆ ಒಲೆಯ ಮೇಲೆ ಮುದ್ದೆಯ ಮಡಕೆಯೊಂದೇ ಕಂಡಿತು. ಹಾಲಿನ ಪಾತ್ರೆ ನೆಲುವಿನಲ್ಲಿ ತಣ್ಣಗೆ ತೂಗುತ್ತಿತ್ತು. ಅವ್ವ ಅವನ ಕಡೆಗೆ ಬೆನ್ನು ಮಾಡಿ ಹಿಟ್ಟು ಕೂಡಿಸುತ್ತಿದ್ದಳು.

ಚಿತ್ರ ಅವಳಿಗೆ ಹಿಡಿಸಲಿಲ್ಲ ಎಂದುಕೊಂಡ. ದಿನವೆಲ್ಲ ಅದೇ ಕೊರಗು. ದೊಡ್ಡ ದೊಡ್ಡವರು ಮೆಚ್ಚಿದ್ದು ಅವ್ವನ ಕಣ್ಣಿಗೆ ಯಾಕೆ ಬರಲಿಲ್ಲ ಎಂದು ಸ್ವಲ್ಪ ಸಿಟ್ಟೂ ಬಂತು. ಸಾಯಂಕಾಲ ಕೊಟ್ಟಿಗೆಯಲ್ಲಿ ಕರು ಕಟ್ಟುತ್ತಿದ್ದ ಅಪ್ಪ, ತಲೆ ಎತ್ತದೆ ಕೇಳಿದ.

"ಆ ಡೊಂಕು ಮರ ಯಾಕಪ್ಪ ಬುಟ್ಟೆ?"

"ಅದು ಅಡ್ಡ ಬತ್ತಿತ್ತಪ್ಪ. ಮನೆ ಬಾಗ್ಲಿಗೆ ಸರ್ಯಾಗಿ ಓರೆಯಾಗಿ ನಿಂತೈತಲ್ಲ. ಅದ್ನ ಹಾಕಿದ್ರೆ ಬಾಗ್ಲೇ ಕಾಣಾಕಿಲ್ಲ. ನಮ್ಮ ಮೇಷ್ಟ್ರೂ ತೆಗಿ ಅಂದ್ರು."

ಮರುಳಪ್ಪ ಕಣ್ಣಿ ಬಿಗಿದು, ಸಾಲದೆನ್ನಿಸಿ ಮತ್ತೊಂದು ಸುತ್ತು ಹಾಕಿದ.

"ಅದು ಗಿರಿಜೆ ಮರ ಕಣಪ್ಪ" ಎಂದ.

ಅಷ್ಟೇ ಹೇಳಿ ಹುಲ್ಲು ತರಲು ಹೋದ. ಕಾಡಸಿದ್ದಪ್ಪ ಕರುವಿನ ಪಕ್ಕ ಅಲ್ಲೇ ನಿಂತ.

ಗಿರಿಜಾಂಬಿಕೆ ಅವನ ಅಕ್ಕ. ಆರು ತುಂಬುವ ಮುಂಚೆ ಜ್ವರ ಬಂದು ಹೋದಳು. ಆಗ ಇವನಿನ್ನೂ ತೊಟ್ಟಿಲ ಕೂಸು. ಮನೆಯಲ್ಲಿ ಅವಳ ಮಾತು ಆಡುತ್ತಿರಲಿಲ್ಲ. ಅವಳ ಒಂದು ಫೋಟೋ ಕೂಡ ಇರಲಿಲ್ಲ. ಸಾಲಿನಲ್ಲಿ ಅವಳದೊಂದು ಮರ ಇರುವುದು ಇವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಿಕ್ಕವನಿದ್ದಾಗ ಯಾರೋ ಹೇಳಿದ್ದರು. ಆಮೇಲೆ ಎಲ್ಲರ ಬಾಯಲ್ಲೂ ಅದು ಡೊಂಕು ಮರವಾಯಿತು, ಇವನ ಬಾಯಲ್ಲೂ ಆಯಿತು. ಗೊತ್ತಿಲ್ಲದೆ ಮಾಡಿದ್ದಾಗಿದ್ದರೆ ಅವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ತಾನು ಆ ಮರವನ್ನು ತೆಗೆದ ದಿನ ಅವನ ಕಣ್ಣಿಗೆ ಕಟ್ಟಿತು. ಹಿಂದಿನ ರಜೆಯಲ್ಲಿ ಊರಲ್ಲೇ ಎಳೆದುಕೊಂಡು ಹೋಗಿದ್ದ ಮೊದಲ ಇದ್ದಿಲು ಗೆರೆಗಳಲ್ಲಿ ಮರ ಇತ್ತು. ಈ ಗೆರೆ ಚಿತ್ರವನ್ನು ಕೊಲ್ಲುತ್ತಿದೆ ಎಂದು ಮೇಷ್ಟ್ರು ತೋರಿಸಿದರು. ಇವನೇ ಹೆಬ್ಬೆರಳಿನಲ್ಲಿ ತಿಕ್ಕಿ ಅಳಿಸಿದ. ಅಳಿಸಿದ ಮೇಲೆ ಅಲ್ಲಿ ಬೆಳಕು ಬಂತು. ಎಷ್ಟು ಹಗುರಾಯಿತು ಎಂದು ಖುಷಿಪಟ್ಟಿದ್ದ. ಬಸ್ಸಿನಲ್ಲಿ ಜೋಡಿಸಿದ್ದ ಮಾತು ನೆನಪಾಗಿ, ಯಾರೂ ನೋಡುತ್ತಿಲ್ಲದಿದ್ದರೂ ಅವನ ಕಿವಿ ಬಿಸಿಯಾದವು.

ಬೆಳಿಗ್ಗೆ ಅವ್ವ ಏಣಿ ಹಿಡಿದುಕೊಳ್ಳಲು ಕರೆದಳು. ಅಟ್ಟ ಹತ್ತಿ, ದೊಡ್ಡ ರಾಶಿ ಮುಟ್ಟದೆ, ಗಾಜಿನ ಹೆಂಚಿನ ಕೆಳಗಿನ ಮೂಲೆಗೆ ಹೋಗಿ ಕೂತಳು. ಅವನೂ ಹಿಂದೆಯೇ ಹತ್ತಿದ. ಅವ್ವ ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಗಡಗಡ ಎಂದದ್ದನ್ನು ಮಡಿಲಿಗೆ, ಎನ್ನದ್ದನ್ನು ಪಕ್ಕಕ್ಕೆ ಹಾಕುತ್ತಿದ್ದಳು. ಅವನು ಪ್ರತಿ ಸಲ ರಜೆ ಮುಗಿಸಿ ಹೊರಟಾಗಲೂ ಕೊಬ್ಬರಿ ಕಟ್ಟಿ ಕಳಿಸುವುದು ಅವಳ ವಾಡಿಕೆ.

"ತಪ್ಪಾಯ್ತವ್ವ" ಎಂದ ಅವನು.

"ಏನು ತಪ್ಪು ಬುಡು. ಚಿತ್ರ ಚೆನ್ನಾಗೇ ಐತೆ."

"ದೊಡ್ಡ ರಾಶಿ ಬುಟ್ಟು ಈ ಮೂಲೇವೇ ಯಾಕವ್ವ ಆರಿಸ್ತೀಯ?"

ಅವಳು ಇನ್ನೊಂದು ಕಾಯಿ ಅಲ್ಲಾಡಿಸಿದಳು. ಅದು ಗಡಗಡ ಎನ್ನಲಿಲ್ಲ. ಕಾಯಿಯನ್ನು ಪಕ್ಕಕ್ಕಿಟ್ಟ ಮೇಲೆ ಹೇಳಿದಳು.

"ಇವು ಗಿರಿಜೇವು. ನಮ್ಮನೇಲಿ ಹೆಣ್ಣುಮಕ್ಕಳ ಮರದ ಕಾಯಿ ಮಂಡಿಗೆ ಹಾಕಾಕಿಲ್ಲ. ಮದ್ವೆಯಾಗಿ ಹೋದವ್ಳು ಹಬ್ಬಕ್ಕೆ ಬಂದಾಗ ಅಣ್ಣತಮ್ಮದೀರ್ಗೆ ಅವ್ಳ ಕೈಯಾರೆ ಕೊಡ್ಬೇಕು. ನಿಮ್ಮತ್ತೆ ಈಗ್ಲೂ ನಿಮ್ಮಪ್ಪಂಗೆ ಕೊಡ್ತಾಳಲ್ಲ, ನೋಡಿಲ್ವಾ? ಇವ್ಳು ಬರಾಕಿಲ್ಲ. ಅದ್ಕೆ ನಾನೇ ನಿಂಗೆ ಕಟ್ಟಿ ಕಳಿಸ್ತೀನಿ. ನೀನು ಮೈಸೂರಿಗೆ ಹೋದಾಗಿಂದ ತಿಂತಾ ಇರೋದು ನಿಮ್ಮಕ್ಕನ ಕೊಬ್ರಿನೇ."

ಹಾಸ್ಟೆಲಿನಲ್ಲಿ ಆ ಗಂಟು ಬಿಚ್ಚಿದರೆ ಸಾಕು, ಗೆಳೆಯರೆಲ್ಲ ಮುತ್ತಿಕೊಳ್ಳುತ್ತಿದ್ದರು. ಬೆಲ್ಲದ ಜೊತೆ ಕಡಿದು, ಹಾಳು ಹರಟೆ ಹೊಡೆದು, ಚೂರುಗಳನ್ನು ಒಬ್ಬರ ಮೇಲೊಬ್ಬರು ಎಸೆದಾಡಿದ್ದೂ ಉಂಟು. ಕೈಗೆ ಮೆತ್ತಿದ ಬಣ್ಣ ಬಿಡಿಸಲು ಅದನ್ನೇ ಜಗಿದು ಅಂಗೈಗೆ ತಿಕ್ಕಿಕೊಳ್ಳುತ್ತಿದ್ದ. ಆ ಮರವನ್ನು ಅಳಿಸಿದ ದಿನವೂ ಇದ್ದಿಲಿನ ಕೈಯನ್ನು ಹಾಗೆಯೇ ಚೊಕ್ಕಟ ಮಾಡಿಕೊಂಡಿದ್ದ. ಹೆಬ್ಬೆರಳನ್ನು ಈಗ ಎಲ್ಲಿ ಬಚ್ಚಿಡಬೇಕೋ ತಿಳಿಯದೆ ಮುಷ್ಟಿ ಕಟ್ಟಿಕೊಂಡು ಕೂತ. ಅಳು ಬಂತು, ಅಳಲಿಲ್ಲ. ಅವ್ವ ಅವನ ಕಡೆ ನೋಡದೆ ಕಾಯಿ ಅಲ್ಲಾಡಿಸುತ್ತಲೇ ಇದ್ದಳು.

ಅವತ್ತೇ ಅವನು ತೋಟದ ಚಿತ್ರವನ್ನು ಗೂಟದಿಂದ ಇಳಿಸಿ, ಬಣ್ಣದ ಪೆಟ್ಟಿಗೆ ಹೊತ್ತು ಕಾಲುವೆಯ ಹತ್ತಿರ ಹೋದ. ಬೆಂಗಳೂರು, ಬರೋಡಾ ಎರಡೂ ಅವನ ಜೊತೆಗೇ ಬಂದು ಕೂತವು. ಮೇಷ್ಟ್ರು ಮೆಚ್ಚಿದ್ದು ಯಾವುದನ್ನೋ ಅದರ ಮೇಲೆಯೇ ಈಗ ಬಣ್ಣ ಬಳಿಯಬೇಕು. ಬೇರೆ ಹಲಗೆಯ ಮೇಲೆ ಆ ಮರವನ್ನೊಂದೇ ಬರೆದು ಅವ್ವನಿಗೆ ಕೊಟ್ಟರೆ ಸಾಲದೇ ಎಂದೂ ಯೋಚಿಸಿದ. ಸಾಲದು ಎನ್ನುವುದು ಅವನಿಗೇ ಗೊತ್ತಿತ್ತು. ಅವಳ ಬೆರಳು ನಿಂತದ್ದು ಈ ಸಾಲಿನಲ್ಲಿ.

ಇಷ್ಟಕ್ಕೂ, ಆ ಮರವನ್ನು ಅವನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ಬುಡ ನೆಟ್ಟಗೆ ಹೊರಟು, ಆಳುದ್ದ ಏರುವ ಮುಂಚೆಯೇ ಬಾಗಿಲ ಕಡೆಗೆ ವಾಲಿ, ಆಮೇಲೆ ಮನಸ್ಸು ಬದಲಾಯಿಸಿದ ಹಾಗೆ ಮೇಲಕ್ಕೆ ತಿರುಗಿತ್ತು. ಆ ತಿರುವು ಅವನ ಕೈಗೆ ಸಿಗಲಿಲ್ಲ. ಬರೆದು ಒರೆಸಿದ, ಮತ್ತೆ ಬರೆದು ಮತ್ತೆ ಒರೆಸಿದ. ಮೂರು ವರ್ಷ ಕಲಿತ ಕೈ ಒಂದು ತೆಂಗಿನ ಮರದ ಮುಂದೆ ಸೋಲುತ್ತಿರುವುದನ್ನು ನೋಡಿ ಅವನಿಗೇ ನಗು ಬಂತು.

ಮಧ್ಯಾಹ್ನ ಅವ್ವ ಮಜ್ಜಿಗೆ ತಂದಳು. ಚಿತ್ರದ ಕಡೆ ನೋಡದೆ, ಬೇಕೆಂದೇ ಅದಕ್ಕೆ ಬೆನ್ನು ಮಾಡಿ ಕಾಲುವೆಯ ದಂಡೆಯ ಮೇಲೆ ಕೂತಳು.

"ಇದು ಹಿಂಗೆ ಯಾಕೆ ಬಾಗೈತೆ ಅವ್ವ?"

"ಅವ್ಳೇ ಬಗ್ಗಿಸಿದ್ದು. ಒಂದು ಕರು ಇತ್ತು, ಅದ್ರ ಹಿಂದೆನೇ ಇರೋಳು. ಸಸಿಗೆ ಕಟ್ಟಬ್ಯಾಡ ಅಂದ್ರೂ ತಂದು ಇದ್ಕೇ ಕಟ್ಟೋಳು. ಅದು ಜಗ್ಗಿ ಜಗ್ಗಿ ಮನೆ ಕಡೀಕೆ ವಾಲ್ಬುಡ್ತು. ನಿಮ್ಮಪ್ಪ ಬೈದು, ಊರುಗೋಲು ಕೊಟ್ಟು ಎತ್ತಿ ಕಟ್ಟಿದ್ರು." ಅವಳು ಲೋಟದ ಅಂಚನ್ನು ಬೆರಳಿನಲ್ಲಿ ಒರೆಸಿದಳು. "ಅವ್ಳು ಹೋದ್ಮೇಲೆ ನಿಮ್ಮಪ್ಪನೇ ಆ ಊರುಗೋಲು ಕಿತ್ತಾಕಿದ್ರು. ಅವ್ಳು ಹೆಂಗೆ ಬಗ್ಗಿಸಿದ್ಲೋ ಹಂಗೇ ಇರ್ಲಿ ಅಂತ."

ಕಾಲುವೆಯಲ್ಲಿ ಒಣಗಿದ ಗರಿಯೊಂದು ತೇಲಿಕೊಂಡು ಹೋಯಿತು.

"ನಿಮ್ಮ ಮೇಷ್ಟ್ರು ಏನೂ ಅನ್ನಾಕಿಲ್ವಾ, ಈಗ ಇದ್ನ ಹಾಕಿದ್ರೆ?"

"ಏನೂ ಅನ್ನಾಕಿಲ್ಲ ಬುಡವ್ವ" ಎಂದ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಅವ್ವ ಬೆನ್ನು ಮಾಡಿ ಕೂತಿದ್ದರಿಂದ ಬಚಾವಾದ.

"ಮುಗ್ದ ಮೇಲೆ ನೋಡ್ತೀನಿ. ಅರ್ಧಂಬರ್ಧ ನೋಡಾಕಿಲ್ಲ" ಎಂದು ಅವಳು ಲೋಟ ತೆಗೆದುಕೊಂಡು ಹೋದಳು. ರಜೆ ಮುಗಿಯಿತು, ಚಿತ್ರ ಮುಗಿಯಲಿಲ್ಲ. ತಲೆಯ ಗರಿಗಳು ಇನ್ನೂ ಬಾಕಿ ಇದ್ದವು. ಹೊರಡುವ ದಿನ ಅವ್ವ ಕೊಬ್ಬರಿಯ ಗಂಟು ಕೈಗಿಟ್ಟು, ಪ್ರದರ್ಶನಕ್ಕೆ ತಾನೂ ಅಪ್ಪನೂ ಮೈಸೂರಿಗೇ ಬರುವುದಾಗಿ ಹೇಳಿದಳು. ಮದುವೆ ಮುಂಜಿಗಲ್ಲದೆ ಊರು ಬಿಡದ ಮರುಳಪ್ಪ ಇಲ್ಲ ಎನ್ನುತ್ತಾನೆಂದು ಕಾಡಸಿದ್ದಪ್ಪ ಕಾದ. ಮರುಳಪ್ಪ ಅನ್ನಲಿಲ್ಲ.

ಮೈಸೂರಿನಲ್ಲಿ ಗಂಗಾಧರಯ್ಯನವರು ಪಂಚೆ ಬಿಚ್ಚಿದ ಚಿತ್ರ ನೋಡಿ ಕನ್ನಡಕ ತೆಗೆದರು. ಈ ಸಲ ಒರೆಸಲಿಲ್ಲ, ಜೇಬಿಗೆ ಹಾಕಿಕೊಂಡರು.

"ಏನಯ್ಯಾ ಇದು?"

"ಒಂದು ಮರ ಬಿಟ್ಟುಹೋಗಿತ್ತು ಸಾರ್."

"ಬಿಟ್ಟುಹೋಗಿರಲಿಲ್ಲ. ನಾವೇ ತೆಗೆದಿದ್ದು."

"ಹೌದು ಸಾರ್."

"ಬಾಗಿಲು ಹೋಯಿತು, ಬೆಳಕು ಹೋಯಿತು. ಕಣ್ಣು ಅಲ್ಲಿ ಹೋಗಿ ಎಡವುತ್ತೆ." ಅವರಿಗೆ ನಿಜವಾಗಿಯೂ ಬೇಸರವಾಗಿತ್ತು, ತಮ್ಮದೇ ಚಿತ್ರ ಕೆಟ್ಟಷ್ಟು ಬೇಸರ. "ನೋಡು, ಈ ಬಣ್ಣ ಇನ್ನೂ ಪೂರ್ತಿ ಒಣಗಿಲ್ಲ. ಕೆಳಗಿನದು ಒಣಗಿದೆ. ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿದರೆ ಮರ ಹೋಗುತ್ತೆ, ಮೊದಲಿನ ಚಿತ್ರ ಹಾಗೇ ಸಿಗುತ್ತೆ. ನಾಳೆ ಬೆಂಗಳೂರಿಗೆ ಚಿತ್ರದ ಹೆಸರು ಕಳಿಸುವ ಮುಂಚೆ ಮಾಡು."

ಎಲ್ಲರೂ ಊಟಕ್ಕೆ ಹೋದ ಮೇಲೆ ಕಾಡಸಿದ್ದಪ್ಪ ಬಟ್ಟೆಯನ್ನು ಟರ್ಪೆಂಟೈನಿನಲ್ಲಿ ಅದ್ದಿದ. ಇಷ್ಟೆಲ್ಲ ಆದ ಮೇಲೂ ಅದ್ದಿದ, ಮುಚ್ಚಿಡುವುದೇಕೆ. ಬರೋಡಾ ಅಷ್ಟು ಹತ್ತಿರ ಇತ್ತು. ಒಂದು ಸಲ ತಿಕ್ಕಿದರೆ ಆಯಿತು. ಪ್ರದರ್ಶನ ಮುಗಿದ ಮೇಲೆ ಮತ್ತೆ ಬರೆದುಕೊಳ್ಳಬಹುದು. ಅವ್ವನಿಗೆ ಏನಾದರೂ ಹೇಳಬಹುದು. ಬಟ್ಟೆಯನ್ನು ಹೆಬ್ಬೆರಳಿಗೆ ಸುತ್ತಿಕೊಂಡು ಚಿತ್ರದ ಹತ್ತಿರ ಹೋದ. ಅದೇ ಹೆಬ್ಬೆರಳು. ಸ್ವಲ್ಪ ಹೊತ್ತು ಹಾಗೆಯೇ ನಿಂತು, ಬಟ್ಟೆಯಿಂದ ಕುಂಚಗಳನ್ನು ಒಂದೊಂದಾಗಿ ಒರೆಸಿ, ಬಾಕಿ ಇದ್ದ ಗರಿಗಳನ್ನು ಬರೆಯಲು ಕೂತ. ಬೆಂಗಳೂರಿಗೆ ಇನ್ನೊಬ್ಬ ಹುಡುಗನ ಚಿತ್ರ ಹೋಯಿತು. ಹೊಟ್ಟೆ ಉರಿಯಿತು, ಇಲ್ಲ ಎಂದರೆ ಯಾರು ನಂಬುತ್ತಾರೆ.

ಪ್ರದರ್ಶನದ ದಿನ ಅವನ ಭಾಷಣ ಎಲ್ಲರಿಗಿಂತ ಚಿಕ್ಕದಾಗಿತ್ತು. ಖಾಲಿ ಜಾಗದ ಮಾತು ಈಗ ಆಡುವಂತಿರಲಿಲ್ಲ, ಬೇರೆ ಮಾತು ಹುಟ್ಟಲಿಲ್ಲ. "ಇದು ನಮ್ಮ ಮನೆ. ಇವು ನಮ್ಮ ಮನೆಯವರ ಮರಗಳು. ಒಂದನ್ನು ನಾನು ಮೊದಲು ಸರಿಯಾಗಿ ನೋಡಿರಲಿಲ್ಲ, ಆಮೇಲೆ ನೋಡಿದೆ" ಎಂದು ಹೇಳಿ ಕೂತುಬಿಟ್ಟ. ಯಾರೋ ಇಬ್ಬರು ಚಪ್ಪಾಳೆ ತಟ್ಟಿ, ಉಳಿದವರು ತಟ್ಟದ್ದನ್ನು ನೋಡಿ ನಿಲ್ಲಿಸಿದರು.

ಅಪ್ಪ ಅವ್ವ ಬರುವ ಹೊತ್ತಿಗೆ ಜನ ಕಡಿಮೆಯಾಗಿದ್ದರು. ಸರ್ವಮಂಗಳಮ್ಮ ಪ್ರದರ್ಶನದ ಕೋಣೆಯ ಹೊಸಿಲಲ್ಲಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒಳಗೆ ಬಂದಳು. ಅವಳನ್ನು ನೋಡಿ ಮರುಳಪ್ಪನೂ ಹಿಂದಕ್ಕೆ ಹೋಗಿ ಬಿಟ್ಟು ಬಂದ. ಮಗ ದಾರಿ ತೋರಿಸುವ ಮುಂಚೆಯೇ ಅವಳು ನೇರ ತೋಟದ ಚಿತ್ರದ ಮುಂದೆ ಹೋಗಿ ನಿಂತಳು. ಗಂಗಾಧರಯ್ಯನವರು ಬಂದು ಕೈಮುಗಿದು ಪಕ್ಕದಲ್ಲಿ ನಿಂತರು. ಅವ್ವ ಅವರಿಗೂ ಕೈಮುಗಿದು, ಆಮೇಲೆ ಎಡಗಡೆಯಿಂದ ಬೆರಳು ಹಿಡಿದಳು.

"ಇದು ತಾತಂದು. ಇದು ದೊಡ್ಡಪ್ಪಂದು. ಇದು ಇವ್ರುದು. ಇದು ಅತ್ತೇದು. ಇದು ಗಿರಿಜೇದು. ಇದು ನಿಂದು."

ಎಲ್ಲೂ ನಿಲ್ಲಲಿಲ್ಲ. ಎಲ್ಲ ಹೆಸರೂ ಒಂದೇ ದನಿಯಲ್ಲಿ ಬಂದವು.

ಗಂಗಾಧರಯ್ಯನವರಿಗೆ ಇದೊಂದೂ ತಿಳಿಯದು. ಹೆತ್ತವರ ಮುಂದೆ ಶಿಷ್ಯನ ಬಗ್ಗೆ ಒಳ್ಳೆಯ ಮಾತು ಹೇಳಬೇಕೆಂದು ಶುರುಮಾಡಿದರು.

"ನಿಮ್ಮ ಮಗನದು ಒಳ್ಳೆಯ ಕೈ, ಅಮ್ಮ. ಆ ಒಂದು ಮರ ಅಡ್ಡ ಬಂದು ನಿಂತಿತು ನೋಡಿ. ಅದಿಲ್ಲದಿದ್ದರೆ ಈ ಚಿತ್ರ ಬೆಂಗಳೂರಿಗೆ ಹೋಗುತ್ತಿತ್ತು, ಇವನು ಬರೋಡಾಕ್ಕೆ ಓದಲು ಹೋಗುತ್ತಿದ್ದ. ಒರೆಸು ಎಂದೆ, ಒರೆಸಲಿಲ್ಲ."

ಅವ್ವ ತಿರುಗಿ ಮಗನ ಮುಖ ನೋಡಿದಳು. ಕಾಲುವೆಯ ದಂಡೆಯಲ್ಲಿ ಹೇಳಿದ ಸುಳ್ಳು ಈಗ ಅವನ ಮುಖದ ಮೇಲೇ ಇತ್ತು, ತಲೆ ತಗ್ಗಿಸಿದ. ಅವಳು ಕೈಯಲ್ಲಿದ್ದ ಗಂಟನ್ನು ಬಿಚ್ಚಿ, ಒಳ್ಳೆಯದೊಂದು ಕೊಬ್ಬರಿ ಉಂಡೆ ಆರಿಸಿ ಮೊದಲು ಮಗನ ಕೈಗೆ ಇಟ್ಟಳು. ಇನ್ನೊಂದನ್ನು ಮೇಷ್ಟ್ರಿಗೆ ಕೊಟ್ಟಳು.

"ತಿನ್ನಿ ಸ್ವಾಮಿ. ಆ ಮರದ್ದೇ. ಇವ್ನ ಅಕ್ಕಂದು ಅದು. ಮಗು ಇದ್ದಾಗ್ಲೇ ಹೋಗ್ಬುಡ್ತು."

ಗಂಗಾಧರಯ್ಯನವರು ಕೊಬ್ಬರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಚಿತ್ರದ ಕಡೆ ನೋಡಿದರು.

"ನೀವು ಅಂದಿದ್ದು ಸರಿನೇ ಬುಡಿ" ಎಂದಳು ಅವ್ವ. "ಇದ್ದಾಗ್ಲೂ ಹಂಗೇ ಅವ್ಳು. ಒಲೆ ಮುಂದೆ, ಹೊಸ್ಲು ಮೇಲೆ, ಎಲ್ಲಿ ಕಾಲಿಟ್ರೂ ಅಡ್ಡ ಬಂದು ನಿಂತಿರೋಳು." ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು. ಅಕ್ಕನ ಮಾತಾಡುತ್ತ ಅವ್ವ ನಕ್ಕದ್ದನ್ನು ಕಾಡಸಿದ್ದಪ್ಪ ಹುಟ್ಟಿದ ಮೇಲೆ ಕಂಡಿರಲಿಲ್ಲ.

ಹಿಂದೆ ಕೈಕಟ್ಟಿಕೊಂಡು ನಿಂತಿದ್ದ ಮರುಳಪ್ಪ ಗಂಟಲು ಸರಿಮಾಡಿಕೊಂಡ.

"ಜೊತೆಗೆ ಆ ಕರು ಬೇರೆ" ಎಂದ.